ಬಾಯಿ ಕಟ್ಟಿ ಅನ್ನುವವರಿಗೆ

ದಪ್ಪ ಇರುವವರಿಗೆ ನಮ್ಮಲ್ಲಿ ಸಿಗುವ ಸಲಹೆ ಒಂದೇ. ಬಾಯಿ ಕಟ್ಟಿ. ಮದುವೆ ಮನೆಯ ಪಂಕ್ತಿಯಲ್ಲೂ ಅದೇ ಮಾತು, ಡಾಕ್ಟರ ರೂಮಿನಲ್ಲೂ ಅದೇ ಮಾತು. ನನಗಂತೂ ಸಿಟ್ಟು ಬರುತ್ತದೆ, ಯಾಕಂದರೆ ಹಸಿವಿನ ಯಜಮಾನಿಕೆ ಬಾಯಿಯ ಕೈಯಲ್ಲಿಲ್ಲ, ಮೆದುಳಿನ ಬುಡದಲ್ಲಿರುವ ಹೈಪೋಥಲಾಮಸ್ ಅನ್ನುವ ಪುಟ್ಟ ಜಾಗದ ಕೈಯಲ್ಲಿದೆ.

ಇದನ್ನು ಕಂಡುಹಿಡಿದವರಲ್ಲಿ ನಮ್ಮ ದೇಶದವರೂ ಇದ್ದಾರೆ, ಶಾಲೆಯಲ್ಲಿ ಮಾತ್ರ ಯಾರೂ ಹೇಳಿಕೊಡಲಿಲ್ಲ. 1951ರಲ್ಲಿ ಶರೀರವಿಜ್ಞಾನಿ ಬಿ. ಕೆ. ಆನಂದ್ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಜಾನ್ ಬ್ರೋಬೆಕ್ ಜೊತೆ ಸೇರಿ, ಇಲಿಗಳ ಹೈಪೋಥಲಾಮಸ್‌ನ ಎರಡೂ ಪಕ್ಕದಲ್ಲಿ ಒಂದು ಚೂರು ಭಾಗವನ್ನು ಹಾಳು ಮಾಡಿ ನೋಡಿದರು. ಇಲಿಗಳು ತಿನ್ನುವುದನ್ನೇ ಬಿಟ್ಟವು. ಮುಂದೆ ದೆಹಲಿಯ ಏಮ್ಸ್‌ನಲ್ಲಿ ಆನಂದ್ ತಂಡ, ರಕ್ತದ ಸಕ್ಕರೆ ಏರುಪೇರಾದಾಗ ಹೈಪೋಥಲಾಮಸ್‌ನ ನರಕೋಶಗಳ ಚಟುವಟಿಕೆಯೂ ಬದಲಾಗುವುದನ್ನು ದಾಖಲಿಸಿತು.

ಸರಿ, ನರಕೋಶಕ್ಕೆ ಸಕ್ಕರೆ ಇದೆ ಅಂತ ಗೊತ್ತಾಗುವುದು ಹೇಗೆ? ಅಯಾನ್ ಚಾನೆಲ್ ಬರುವುದು ಇಲ್ಲೇ. ಇದು ಕೋಶದ ಪೊರೆಯಲ್ಲಿರುವ ಪ್ರೋಟೀನಿನ ಬಾಗಿಲು, ಪೊಟ್ಯಾಸಿಯಂನಂಥ ವಿದ್ಯುತ್ ಕಣಗಳು (ಅಯಾನುಗಳು) ಓಡಾಡುವುದು ಇದರ ಮೂಲಕ. ಇಂಥವು ಬೇಕಾದಷ್ಟಿವೆ, ನನಗೆ ಇಷ್ಟವಾದದ್ದು ಪೊಟ್ಯಾಸಿಯಂ ಹೊರಗೆ ಬಿಡುವ ಕೆ-ಎಟಿಪಿ ಚಾನೆಲ್. ಜಪಾನಿನ ಅಕಿನೋರಿ ನೋಮಾ 1983ರಲ್ಲಿ ಇದನ್ನು ಮೊದಲು ಕಂಡದ್ದು ಹೃದಯದ ಕೋಶಗಳಲ್ಲಿ. ಕೋಶಕ್ಕೆ ಸಕ್ಕರೆ ಸಿಕ್ಕರೆ ಅದರ ಶಕ್ತಿಯ ಅಣುವಾದ ಎಟಿಪಿ ಜಾಸ್ತಿಯಾಗುತ್ತದೆ, ಎಟಿಪಿ ಜಾಸ್ತಿಯಾದರೆ ಬಾಗಿಲು ಮುಚ್ಚುತ್ತದೆ, ಪೊಟ್ಯಾಸಿಯಂ ಒಳಗೇ ಉಳಿದು ಪೊರೆಯ ವೋಲ್ಟೇಜ್ ಬದಲಾಗಿ ಕೋಶ ಚುರುಕಾಗುತ್ತದೆ. ಪ್ಯಾಂಕ್ರಿಯಾಸ್‌ನಲ್ಲಿ ಹೀಗಾದರೆ ಇನ್ಸುಲಿನ್ ಹೊರಬರುತ್ತದೆ. ಶುಗರ್‌ಗೆ ಕೊಡುವ ಗ್ಲಿಮೆಪಿರೈಡ್ ಮಾತ್ರೆ ಮುಚ್ಚುವುದೂ ಇದೇ ಬಾಗಿಲನ್ನು. ಮೆದುಳಿನಲ್ಲಿ "ಹೊಟ್ಟೆ ತುಂಬಿತು" ಎನ್ನುವ ಪಿಓಎಂಸಿ ನರಕೋಶಗಳಲ್ಲೂ ಈ ಚಾನೆಲ್ ಇದೆ. 2007ರಲ್ಲಿ ಇಲಿಗಳ ಆ ಕೋಶಗಳಲ್ಲಷ್ಟೇ ಬಾಗಿಲು ಸರಿಯಾಗಿ ಮುಚ್ಚದಂತೆ ಮಾಡಿದಾಗ, ಇಡೀ ಮೈ ಸಕ್ಕರೆಯನ್ನು ನಿಭಾಯಿಸುವುದೇ ಕೆಟ್ಟಿತು. ಮೈಯ ಉಳಿದ ಭಾಗಗಳಲ್ಲಿ ಯಾರೂ ಕೈ ಹಾಕಿರಲಿಲ್ಲ, ನೆನಪಿರಲಿ!

ಲಿವರ್ ಕಥೆ ಇನ್ನೂ ಮಜಾ. 2005ರಲ್ಲಿ ಇಲಿಗಳ ಹೈಪೋಥಲಾಮಸ್‌ನಲ್ಲಿ ಈ ಬಾಗಿಲನ್ನು ಔಷಧಿ ಹಾಕಿ ತೆರೆದರು. ಅಷ್ಟು ದೂರದ ಲಿವರ್ ಸಕ್ಕರೆ ತಯಾರಿಸುವುದನ್ನು ಕಡಿಮೆ ಮಾಡಿತು. ಲಿವರ್‌ಗೆ ಹೋಗುವ ವೇಗಸ್ ನರದ ಕವಲನ್ನು ಕತ್ತರಿಸಿದರೆ ಈ ಪರಿಣಾಮ ಕಾಣಲಿಲ್ಲ. ಅಂದರೆ ಮೆದುಳಿನ ಅಪ್ಪಣೆ ಹೋಗುತ್ತಿದ್ದದ್ದು ಆ ನರದ ಮೂಲಕವೇ.

ಇದೆಲ್ಲ ಬರೀ ಇಲಿಗಳ ವಿಷಯ ಅಲ್ವಾ ಅಂತ ಕೇಳಬೇಡಿ. ಪ್ರಾಡರ್-ವಿಲ್ಲಿ ಸಿಂಡ್ರೋಮ್ ಅನ್ನುವ ಹುಟ್ಟಿನಿಂದ ಬರುವ ಜೀನ್ ತೊಂದರೆ ಇರುವ ಮಕ್ಕಳಿಗೆ ಎಷ್ಟು ತಿಂದರೂ ಹಸಿವು ತೀರುವುದಿಲ್ಲ, ಅಡುಗೆಮನೆಗೆ ಬೀಗ ಹಾಕುವ ಅಪ್ಪ ಅಮ್ಮಂದಿರಿದ್ದಾರೆ. ಆ ಮಗುವಿಗೆ ಬಾಯಿ ಕಟ್ಟು ಅನ್ನುತ್ತೀರಾ? 2025ರ ಮಾರ್ಚ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಹಸಿವಿಗೆಂದೇ ಡಯಜಾಕ್ಸೈಡ್ ಕೋಲೀನ್ ಮಾತ್ರೆಗೆ ಒಪ್ಪಿಗೆ ಕೊಟ್ಟಿತು. ಅದು ಕೆ-ಎಟಿಪಿ ಬಾಗಿಲನ್ನು ತೆರೆಯುತ್ತದೆ. ಹಸಿವು ಕೆರಳಿಸುವ ಎಜಿಆರ್‌ಪಿ ನರಕೋಶಗಳು ಅದರಿಂದ ತಣ್ಣಗಾಗುತ್ತವೆ ಅನ್ನುವುದು ವಿಜ್ಞಾನಿಗಳ ಲೆಕ್ಕಾಚಾರ. ತೊಂದರೆ ಏನಂದರೆ, ಅದೇ ಬಾಗಿಲು ಪ್ಯಾಂಕ್ರಿಯಾಸ್‌ನಲ್ಲೂ ಇದೆಯಲ್ಲ, ಅಲ್ಲೂ ತೆರೆದರೆ ಇನ್ಸುಲಿನ್ ಇಳಿಯುತ್ತದೆ. ಹಾಗಾಗಿ ಈ ಮಾತ್ರೆ ತೆಗೆದುಕೊಳ್ಳುವವರ ಶುಗರ್ ಏರುತ್ತಿದೆಯಾ ಅಂತ ಆಗಾಗ ನೋಡುತ್ತಲೇ ಇರಬೇಕು.