ತಂಗಿಯ ಇತಿಹಾಸ ಪುಸ್ತಕ

ಕಾಫಿ ಕೊಯ್ಲು ಮುಗಿದ ಬಿಡುವಿನಲ್ಲಿ, ಕೆಎಎಸ್ ಪರೀಕ್ಷೆಗೆ ಓದುತ್ತಿರುವ ತಂಗಿಯ ಮೇಜಿನಿಂದ ಎನ್‌ಸಿಇಆರ್‌ಟಿಯ ಹನ್ನೆರಡನೆಯ ತರಗತಿಯ ಇತಿಹಾಸ ಪುಸ್ತಕವನ್ನು ಎತ್ತಿಕೊಂಡೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಆಶಯದಂತೆ ರೂಪುಗೊಂಡ ಈ ಪುಸ್ತಕ ಸಿಬಿಎಸ್‌ಇ ಶಾಲೆಗಳಲ್ಲಿ ಪಠ್ಯ. ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಂತೂ ಇದನ್ನು ಓದದೆ ಮುಂದೆ ಹೋಗುವುದಿಲ್ಲ.

ಹರಪ್ಪ ಅಧ್ಯಾಯದ ಒಂದು ಪುಟ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಮೊಹೆಂಜೊದಾರೊದ ಡೆಡ್‌ಮನ್ ಲೇನ್ ಎಂಬ ಓಣಿಯಲ್ಲಿ ಸಿಕ್ಕ ಅಸ್ಥಿಗಳನ್ನು ಪುರಾತತ್ವಜ್ಞ ಜಾನ್ ಮಾರ್ಷಲ್ ವರ್ಣಿಸಿದ್ದು, 1947ರಲ್ಲಿ ಮಾರ್ಟಿಮರ್ ವೀಲರ್ ಅಂಥ ಸಾಕ್ಷ್ಯವನ್ನು ಋಗ್ವೇದದ ಪುರಂದರನೊಂದಿಗೆ, ಅಂದರೆ ಕೋಟೆ ಒಡೆಯುವ ಇಂದ್ರನೊಂದಿಗೆ, ತಳಕು ಹಾಕಿ ಆರ್ಯರ ಆಕ್ರಮಣದ ವಾದ ಕಟ್ಟಿದ್ದು, 1960ರ ದಶಕದಲ್ಲಿ ಜಾರ್ಜ್ ಡೇಲ್ಸ್ ಆ ಅಸ್ಥಿಗಳೆಲ್ಲ ಒಂದೇ ಕಾಲದವಲ್ಲವೆಂದು ತೋರಿಸಿ ಆ ವಾದವನ್ನು ಪ್ರಶ್ನಿಸಿದ್ದು, ಎಲ್ಲವೂ ಅಲ್ಲಿ ಅಕ್ಕಪಕ್ಕದಲ್ಲಿವೆ. ದೊಡ್ಡ ವಿದ್ವಾಂಸನೂ ಎಡವಬಹುದೆಂದು ಪಠ್ಯಪುಸ್ತಕವೇ ಮಕ್ಕಳ ಮುಂದೆ ಒಪ್ಪಿಕೊಳ್ಳುತ್ತದೆ. ಇಸವಿಗಳನ್ನು ಉರು ಹೊಡೆದು, ಯುದ್ಧದ ಕಾರಣಗಳನ್ನು ಅಂಕಕ್ಕೊಂದರಂತೆ ಬರೆದು ಪಾಸಾದ ನನಗೆ ಇದು ತಡವಾಗಿ ಸಿಕ್ಕ ಪಾಠ.

ಕೊಡಗಿಗೆಂದು ಅದರಲ್ಲಿ ಅಧ್ಯಾಯವಿಲ್ಲ. ಆದರೂ ಅದು ಕಲಿಸುವ ಪ್ರಶ್ನೆಯನ್ನು ಮಡಿಕೇರಿಗೆ ತರಬಹುದು. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ 1834ರ ಮೇ 7ರಂದು ಬ್ರಿಟಿಷ್ ಅಧಿಕಾರಿ ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆ, ಕೊಡಗಿನ ಜನರೆಲ್ಲರ ಒಮ್ಮತದ ಇಚ್ಛೆಯಂತೆ ನಾಡನ್ನು ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಆಡಳಿತಕ್ಕೆ ಸೇರಿಸಲಾಗಿದೆ ಎನ್ನುತ್ತದೆ. ಮೂರೇ ವರ್ಷಗಳಲ್ಲಿ ಕಂಪನಿಯ ವಿರುದ್ಧ ಅಮರ ಸುಳ್ಯದ ದಂಗೆ ಎದ್ದಿತು. ದಂಗೆಯ ಮುಂದಾಳುಗಳಲ್ಲೊಬ್ಬರಾದ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು. ಅದೇ ದಂಗೆಯಲ್ಲಿ ಕಂಪನಿಯ ಪಕ್ಷ ವಹಿಸಿದ ಕೊಡವರಿಗೆ ಚಿನ್ನ, ಬೆಳ್ಳಿಯ ಪದಕಗಳೂ ಸಂದವು. ಹಾಗಾದರೆ ಆ ಒಮ್ಮತ ಯಾರದು, ಅದನ್ನು ಬರೆದವರು ಯಾರು ಎಂದು ಕೇಳದೆ ಘೋಷಣೆಯನ್ನು ಓದುವುದು ಹೇಗೆ?

ಆದ್ದರಿಂದಲೇ, ಪಠ್ಯದ ಹೊರೆ ಇಳಿಸುವ ಹೆಸರಿನಲ್ಲಿ ಮೊಘಲ್ ಆಸ್ಥಾನದ ಅಧ್ಯಾಯವನ್ನು ಈಚಿನ ಮುದ್ರಣದಿಂದ ಕೈಬಿಟ್ಟದ್ದು ನನಗೆ ಸರಿಕಾಣುವುದಿಲ್ಲ. ಅಕ್ಬರನಾಮಾದಂತಹ ಗ್ರಂಥಗಳನ್ನು ದೊರೆ ಯಾಕಾಗಿ ಬರೆಸುತ್ತಾನೆ, ಅವುಗಳಲ್ಲಿ ತನ್ನನ್ನು ಹೇಗೆ ಕಾಣಿಸಿಕೊಳ್ಳುತ್ತಾನೆ ಎಂಬುದನ್ನು ಅದು ಬಿಡಿಸಿ ಹೇಳುತ್ತಿತ್ತು. ದೊಡ್ಡವೀರರಾಜೇಂದ್ರ ಬರೆಸಿದ, 1633ರಿಂದ 1807ರವರೆಗಿನ ಕೊಡಗಿನ ಹಾಲೇರಿ ಅರಸರ ಕಥನವಾದ ರಾಜೇಂದ್ರನಾಮೆ ನಮ್ಮಲ್ಲೂ ಇದೆ. ಅದನ್ನು ಓದಲು ಕೈಬಿಟ್ಟ ಆ ಅಧ್ಯಾಯಕ್ಕಿಂತ ಒಳ್ಳೆಯ ಕೈಮರ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಪರಿಚಿತರೊಬ್ಬರಿಂದ ಹಳೆಯ ಮುದ್ರಣ ತಂದು, ಆ ಅಧ್ಯಾಯವನ್ನು ಜೆರಾಕ್ಸ್ ಮಾಡಿಸಿ ತಂಗಿಯ ಪುಸ್ತಕದೊಳಗೆ ಇಟ್ಟಿದ್ದೇನೆ. ಹೊಸ ಪುಸ್ತಕದಲ್ಲೇ ಇಲ್ಲದ್ದನ್ನು ಯಾಕೆ ಓದಬೇಕು ಅಣ್ಣ ಎಂದು ಅವಳು ಗೊಣಗಿದಳು.