ಕೈ ಬೀಸಿದ್ರೆ ಕೇಳೋ ಕಂಪ್ಯೂಟರ್ ಯಾರಿಗೆ ಬೇಕು?

ನಮ್ಮ ಕೈ-ಮೈ ಆಡಿಸೋದನ್ನ ನೋಡಿ ಅದರಂಗೆ ಕೆಲ್ಸ ಮಾಡೋ ಕ್ಯಾಮೆರಾ ಯಂತ್ರ ಕೈನೆಕ್ಟ್, ಅದರ ಕಥೆ ಮುಗೀತು ಅಂತ ಎಲ್ರೂ ಹೇಳ್ತಾರೆ, 2017ರಲ್ಲಿ ಮೈಕ್ರೋಸಾಫ್ಟ್ ಅದನ್ನ ತಯಾರು ಮಾಡೋದು ನಿಲ್ಲಿಸಿದ್ದೂ ನಿಜ, ಆದ್ರೆ ನಂಗೆ ಅದರಷ್ಟು ಇಷ್ಟವಾದ ಯಂತ್ರ ಇವತ್ತಿಗೂ ಇನ್ನೊಂದಿಲ್ಲ. 2010ರ ನವೆಂಬರಲ್ಲಿ ಮೈಕ್ರೋಸಾಫ್ಟಿನ ವಿಡಿಯೋ ಗೇಮ್ ಯಂತ್ರ ಎಕ್ಸ್‌ಬಾಕ್ಸ್ 360ರ ಆಟಕ್ಕೆ ಅಂತ ಬಂದಿದ್ದು, ಮೊದಲ 60 ದಿನದಲ್ಲೇ 80 ಲಕ್ಷ ಮಾರಾಟ ಆಗಿ ಗಿನ್ನೆಸ್ ದಾಖಲೆ ಮಾಡ್ತು.

ಅದು ನಮ್ಮನ್ನ ನೋಡೋ ರೀತಿನೇ ಚೆಂದ. ಇಸ್ರೇಲಿನ ಪ್ರೈಮ್‌ಸೆನ್ಸ್ ಕಂಪನಿಯವರ ಐಡಿಯಾ ಅದು, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಚುಕ್ಕೆಗಳನ್ನ ರೂಮಿನ ತುಂಬಾ ಚೆಲ್ಲುತ್ತೆ, ಎದುರಿಗಿರೋದು ಹತ್ರ ಇದ್ಯಾ ದೂರ ಇದ್ಯಾ ಅನ್ನೋದರ ಮೇಲೆ ಕ್ಯಾಮೆರಾಗೆ ಆ ಚುಕ್ಕೆಗಳು ಸ್ವಲ್ಪ ಆಚೀಚೆ ಸರಿದಂಗೆ ಕಾಣುತ್ವೆ, ಎಷ್ಟು ಸರಿದಿದೆ ಅಂತ ನೋಡಿ ಸೆಕೆಂಡಿಗೆ 30 ಸಲ ದೂರ ಲೆಕ್ಕ ಹಾಕುತ್ತೆ. ಇದರ ಮೇಲೆ ಕೇಂಬ್ರಿಡ್ಜಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಜೇಮಿ ಶಾಟನ್ ಮತ್ತು ತಂಡದವರು ಮಾಡಿದ ಕೆಲಸ ಇನ್ನೂ ದೊಡ್ಡದು. ದೇಹನ 31 ಭಾಗ ಮಾಡಿ, ಪ್ರತಿ ಪಿಕ್ಸೆಲ್‌ಗೂ ನೀನು ಮೊಣಕೈನಾ, ಭುಜನಾ, ಮಂಡಿನಾ ಅಂತ ಊಹೆ ಮಾಡೋದು, ಆಮೇಲೆ ಕೀಲುಗಳು ಎಲ್ಲಿವೆ ಅಂತ ಹುಡುಕೋದು. ದಪ್ಪ ಇರಿ ಸಣ್ಣ ಇರಿ, ಮೈಗೆ ಏನೂ ಅಂಟಿಸಿಕೊಳ್ಳದೇ ಸುಮ್ನೆ ಹೋಗಿ ನಿಂತ್ರೆ ಸಾಕು.

ಇದು ಬರೀ ಆಟದ ಸಾಮಾನಾಗಿ ಉಳೀಲಿಲ್ಲ. ಎಲೆಕ್ಟ್ರಾನಿಕ್ಸ್ ಬಿಡಿಭಾಗ ಮಾರೋ ಅಡಾಫ್ರೂಟ್ ಕಂಪನಿಯವರು, ಕೈನೆಕ್ಟನ್ನ ಮಾಮೂಲಿ ಕಂಪ್ಯೂಟರಿಗೆ ಜೋಡಿಸೋ ಓಪನ್ ಸೋರ್ಸ್ ಡ್ರೈವರ್ (ಯಾರು ಬೇಕಾದ್ರೂ ಬಳಸಿ ಬದಲಾಯಿಸಬಹುದಾದ ಸಾಫ್ಟ್‌ವೇರ್) ಬರೆದವರಿಗೆ ಬಹುಮಾನ ಅಂತ ಸಾರಿದ್ರು, 1,000 ಡಾಲರಿಂದ ಶುರುವಾಗಿ 3,000ಕ್ಕೆ ಏರಿತು, ಬಿಡುಗಡೆ ಆಗಿ ವಾರ ತುಂಬೋ ಹೊತ್ತಿಗೇ ಸ್ಪೇನಿನ ಹೆಕ್ಟರ್ ಮಾರ್ಟಿನ್ ಮಾಡಿ ಮುಗಿಸಿದ್ರು. ಅಲ್ಲಿಂದ ಅದು ಲ್ಯಾಬು, ರೋಬೋಟು, ಎಲ್ಲಾ ಕಡೆ ಹೋಯ್ತು.

ನಂಗೆ ತುಂಬಾ ಹಿಡಿಸಿದ್ದು ಟೊರಾಂಟೊದ ಸನ್ನಿಬ್ರೂಕ್ ಆಸ್ಪತ್ರೆಯದು. ಆಪರೇಷನ್ ಮಧ್ಯೆ ಸರ್ಜನ್‌ಗೆ ಸ್ಕ್ಯಾನ್ ನೋಡ್ಬೇಕು, ಆದ್ರೆ ಮೌಸ್ ಮುಟ್ಟಂಗಿಲ್ಲ, ಮುಟ್ಟಿದ್ರೆ ಮತ್ತೆ ಹೋಗಿ ಕೈ ತೊಳ್ಕೊಂಡು ಬರ್ಬೇಕು, ಇಲ್ಲಾ ಇನ್ನೊಬ್ರಿಗೆ ಮುಂದಕ್ಕೆ ಹಿಂದಕ್ಕೆ ಅಂತ ಹೇಳ್ತಾ ನಿಲ್ಬೇಕು. ಅಲ್ಲಿ ಕೈನೆಕ್ಟ್ ಇಟ್ರು, ಡಾಕ್ಟ್ರು ನಿಂತಲ್ಲೇ ಗಾಳೀಲಿ ಕೈ ಆಡಿಸಿ ಚಿತ್ರ ತಿರುವಿದ್ರು. ಕೈ ಸನ್ನೆಗೆ ಇದಕ್ಕಿಂತ ಸರಿಯಾದ ಜಾಗ ಬೇಕಾ?

ಈಗಂತೂ ಕೈನೆಕ್ಟ್ ಥರದ ವಿಶೇಷ ಸೆನ್ಸರ್ ಕೂಡ ಬೇಡ. ಗೂಗಲ್‌ನ ಮೀಡಿಯಾಪೈಪ್ ಅನ್ನೋ ಸಾಫ್ಟ್‌ವೇರ್ ಮಾಮೂಲಿ ವೆಬ್‌ಕ್ಯಾಮಲ್ಲೇ ಒಂದು ಕೈಯಲ್ಲಿ 21 ಬಿಂದು ಗುರುತಿಸುತ್ತೆ, ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲೂ ಅದನ್ನೇ ಹಿಡ್ಕೊಂಡು, ಗಾಳೀಲಿ ಕೈ ಆಡಿಸಿ ಮೌಸ್ ಕೆಲ್ಸ ಮಾಡ್ಸೋ ವರ್ಚುವಲ್ ಮೌಸ್ ಪ್ರಾಜೆಕ್ಟ್ ಮಾಡ್ತಾರೆ. ಮಾಡ್ಲಿ, ಕಲಿಯೋಕೆ ಒಳ್ಳೇದೇ. ಆದ್ರೆ ಮೌಸ್ ಹಿಡಿಯೋಕೆ ಆಗೋರಿಗೆ ಇನ್ನೊಂದು ಮೌಸ್ ಯಾಕೆ, ಕೈ ಎತ್ಕೊಂಡು ಸ್ವಲ್ಪ ಹೊತ್ತು ಕೂತ್ರೆ ಭುಜ ನೋಯೋಕೆ ಶುರುವಾಗುತ್ತೆ. ಬೆರಳು ಮಡಚೋಕೆ ಆಗದವರು, ಕತ್ತು ಮಾತ್ರ ಆಡಿಸಬಲ್ಲವರು ಇದ್ದಾರಲ್ಲ, ಅವ್ರ ಹತ್ರ ಹೋಗಿ ನಿಮ್ಗೆ ಯಾವ ಚಲನೆ ಸುಲಭ ಅಂತ ಕೇಳಿ ಆಮೇಲೆ ಕೋಡ್ ಬರೀರಿ ಪ್ಲೀಸ್.

ಬರೆಯುವಾಗ ಒಂದು ವಿಷಯಕ್ಕೆ ಜಾಸ್ತಿ ಟೈಮ್ ಕೊಡಿ: ಸನ್ನೆ ಯಾವಾಗ ಶುರು, ಯಾವಾಗ ಮುಗೀತು ಅನ್ನೋದಕ್ಕೆ. ಮೌಸಿಂದ ಕೈ ತೆಗೆದ್ರೆ ಕೆಲ್ಸ ನಿಲ್ಲುತ್ತೆ, ಕ್ಯಾಮೆರಾ ಮಾತ್ರ ನೀವು ಮೂಗು ಕೆರ್ಕೊಂಡ್ರೂ ನೋಡ್ತಾನೇ ಇರುತ್ತೆ. ಹಾಗಾಗಿ ಅಂಗೈ ಒಂದು ಕ್ಷಣ ತೆರೆದು ಹಿಡಿದ್ರೆ ಮಾತ್ರ ಆನ್, ಕೈ ಇಳಿಸಿದ್ರೆ ಆಫ್, ಇಂಥದ್ದೊಂದು ನಿಯಮ ಮೊದಲೇ ಇಟ್ಕೊಳ್ಳಿ, ಅಂಗೈ ತೆರೆಯೋಕೆ ಆಗದವರಿಗೆ ಆ ನಿಯಮ ಬದಲಾಯಿಸೋ ಸೆಟ್ಟಿಂಗೂ ಇರ್ಲಿ.