ಧ್ರುವದ ಕಾಂತಕ್ಷೇತ್ರ: ದಿಕ್ಕು ಬಿಟ್ಟು ಬಲ ಹಿಡಿದ ವಾರ

ಉಪಗ್ರಹದ ಅಳತೆಗಳಿಂದ ಭೂಮಿಯ ಕಾಂತಕ್ಷೇತ್ರ ಲೆಕ್ಕ ಹಾಕುವ ನನ್ನ ಮಾದರಿ ಕೊನೆಗೂ ಹಾದಿಗೆ ಬಂತು. ಎರಡು ತಿಂಗಳಿಂದ ಒಂದೇ ಕಥೆ. ಉಪಗ್ರಹ ಕಲಬುರಗಿ ಮೇಲೆ ಹಾದಾಗ ನನ್ನ ಲೆಕ್ಕಕ್ಕೂ ಅದರ ಅಳತೆಗೂ ಚೆನ್ನಾಗಿ ಕೂಡಿಬರುತ್ತಿತ್ತು. ಧ್ರುವದ ಕಡೆ ಹೋದರೆ ಸಾಕು, ಗ್ರಾಫ್ ಎದ್ದು ಕುಣಿಯುತ್ತಿತ್ತು.

ಡೇಟಾ ಸ್ವಾರ್ಮ್‌ನದು. ಯುರೋಪಿನ ಬಾಹ್ಯಾಕಾಶ ಸಂಸ್ಥೆ 2013ರ ನವೆಂಬರ್‌ನಲ್ಲಿ ಹಾರಿಸಿದ ಮೂರು ಉಪಗ್ರಹಗಳು. ಅಳತೆ ಸೆಕೆಂಡಿಗೊಂದು ಸಿಗುತ್ತದೆ, ಅದೂ ಉಚಿತ. ನಾನು ನಿಮಿಷಕ್ಕೊಂದು ಆರಿಸಿಕೊಂಡಿದ್ದೇನೆ, ಲ್ಯಾಪ್‌ಟಾಪ್ ತಡೆಯಬೇಕಲ್ವಾ. ಕ್ಷೇತ್ರವನ್ನು ಗೋಳದ ಮೇಲಿನ ಅಲೆಗಳ ಮೊತ್ತವಾಗಿ ಬರೆಯುತ್ತೇನೆ (ಗೋಳೀಯ ಹಾರ್ಮೋನಿಕ್), 13ನೇ ದರ್ಜೆವರೆಗೆ, ಅಂದರೆ ಕಂಡುಹಿಡಿಯಬೇಕಾದ 195 ಗುಣಾಂಕ.

ತೊಂದರೆ ಕೋಡ್‌ನಲ್ಲಿ ಇರಲಿಲ್ಲ. ಧ್ರುವಪ್ರಭೆ (ಅರೋರಾ) ಕಾಣುವ ಪಟ್ಟಿಯಲ್ಲಿ ಕಾಂತಕ್ಷೇತ್ರದ ಬಲರೇಖೆಗಳ ಗುಂಟ ವಿದ್ಯುತ್ ಹರಿಯುತ್ತದೆ. ಉಪಗ್ರಹ ಅದರ ನಡುವೆಯೇ ಹಾರುತ್ತದೆ. ಭೂಗರ್ಭದ ಕ್ಷೇತ್ರ ಹುಡುಕುವ ನಾನು ಈ ಕರೆಂಟನ್ನೂ ಅದರಲ್ಲೇ ಸೇರಿಸಿಬಿಡುತ್ತಿದ್ದೆ.

ದಾರಿ ತೋರಿಸಿದ್ದು ತಂಗಿ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. "ಅಣ್ಣಾ, ಕರೆಂಟು ರೇಖೆ ಗುಂಟ ಹರಿದರೆ ಅದರ ಕ್ಷೇತ್ರ ರೇಖೆಗೆ ಅಡ್ಡ ಇರ್ತದಲ್ಲ? ಪೈಥಾಗೊರಸ್ ಹಚ್ಚಿ ನೋಡು" ಅಂದಳು. ಹಚ್ಚಿದೆ. 50,000 ನ್ಯಾನೊಟೆಸ್ಲಾಕ್ಕೆ (ಕಾಂತಕ್ಷೇತ್ರ ಅಳೆಯುವ ಮಾನ) ಅಡ್ಡವಾಗಿ 300 ಸೇರಿಸಿದರೆ ಒಟ್ಟು ಬಲ, ಅಂದರೆ ಕ್ಷೇತ್ರದ ತೀವ್ರತೆ, ಹೆಚ್ಚುವುದು ಬರೀ 0.9! ದಿಕ್ಕು ಹಾಳಾದರೂ ಬಲ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಈಗ ಕಾಂತೀಯ ಅಕ್ಷಾಂಶ (ಕಾಂತೀಯ ಸಮಭಾಜಕದಿಂದ ಎಣಿಸಿದ್ದು) 55 ಡಿಗ್ರಿ ದಾಟಿದ ಮೇಲೆ ಬಲವನ್ನಷ್ಟೇ ಬಳಸುತ್ತೇನೆ. ದೊಡ್ಡ ಮಾದರಿ ಕಟ್ಟುವವರೂ ಹೀಗೇ ಮಾಡುತ್ತಾರೆ. ಕೆಲಸ ಮಾತ್ರ ಜಾಸ್ತಿ: ಬಲ ಅಂದರೆ ಮೂರು ದಿಕ್ಕಿನ ಅಳತೆಗಳ ವರ್ಗಗಳ ಮೊತ್ತದ ವರ್ಗಮೂಲ, ಒಂದೇ ಏಟಿಗೆ ಬಿಡಿಸಲು ಬರುವುದಿಲ್ಲ. ಹಳೆಯ ಮಾದರಿಯಿಂದ ಶುರುಮಾಡಿ ಸುತ್ತಿ ಸುತ್ತಿ ತಿದ್ದಬೇಕು.

ಹಾಗಂತ ಎಲ್ಲ ಕಡೆ ದಿಕ್ಕು ಬಿಡುವಂತಿಲ್ಲ. ಬರೀ ಬಲ ಗೊತ್ತಿದ್ದರೆ ಬೇರೆ ಬೇರೆ ಕ್ಷೇತ್ರಗಳು ಅದಕ್ಕೇ ಹೊಂದಬಹುದು ಎಂದು ಭೂಭೌತವಿಜ್ಞಾನಿ ಜಾರ್ಜ್ ಬ್ಯಾಕಸ್ 1970ರಲ್ಲೇ ತೋರಿಸಿದ್ದರು. ತಪ್ಪು ಜಾಸ್ತಿ ಕಾಡುವುದು ಕಾಂತೀಯ ಸಮಭಾಜಕದ ಹತ್ತಿರ, ಅಂದರೆ ಬಲರೇಖೆಗಳು ನೆಲಕ್ಕೆ ಸಮಾನಾಂತರ ಇರುವ ಗೆರೆಯ ಹತ್ತಿರ. ಆ ಗೆರೆ ನಮ್ಮ ದೇಶದ ದಕ್ಷಿಣ ತುದಿಯ ಹತ್ತಿರವೇ ಹಾಯುತ್ತದೆ. ಅಲ್ಲಿಂದ ನಮ್ಮ ಸೀಮೆಯವರೆಗಿನ ದಿಕ್ಕಿನ ಅಳತೆಗಳೇ ಧ್ರುವದ ಲೆಕ್ಕಕ್ಕೂ ಆಸರೆ. ಇದು ನನಗೆ ತುಂಬಾ ಹಿಡಿಸಿತು.

ಇನ್ನೂ ಸ್ವಲ್ಪ ಅಲೆ ಉಳಿದಿದೆ. ಸುಮಾರು 110 ಕಿ.ಮೀ. ಎತ್ತರದಲ್ಲಿ ಅಡ್ಡಡ್ಡ ಹರಿಯುವ ಕರೆಂಟು ಬಲವನ್ನೂ ಕದಲಿಸುತ್ತದೆ. ಅದಕ್ಕೆ ಆ ಕರೆಂಟು ಕಡಿಮೆ ಇರುವ ಕತ್ತಲಿನ, ಕಾಂತೀಯ ಗಲಾಟೆ ಇಲ್ಲದ ದಿನಗಳೇ ಬೇಕು. ಉತ್ತರಕ್ಕೆ ನವೆಂಬರ್‌ನಿಂದ ಜನವರಿ, ದಕ್ಷಿಣಕ್ಕೆ ಮೇಯಿಂದ ಜುಲೈ. ಡೌನ್‌ಲೋಡ್‌ಗೆ ಹಚ್ಚಿದ್ದೇನೆ. ಕರೆಂಟು ಹೋಗದಿದ್ದರೆ ಬೆಳಗಿನ ಹೊತ್ತಿಗೆ ಮುಗಿಯುತ್ತದೆ.